ಬಾಣಂತನ ಅವಳಿಗೂ ಸಲ್ಲಬೇಕು

ಹೆತ್ತವಳಿಗೆ ನಮ್ಮ ನಾಡಿನಲ್ಲಿ ಒಂದು ಮರ್ಯಾದೆ ಇದೆ. ವರ್ಷವಿಡೀ ಯಾರೂ ವಿಚಾರಿಸದ ಸೊಸೆಯನ್ನೂ ಬಾಣಂತಿಯಾದ ನಲವತ್ತು ದಿನ ಮನೆಮಂದಿಯೆಲ್ಲ ವಿಚಾರಿಸುತ್ತಾರೆ. ಅವಳಿಗಾಗಿ ಹಂಡೆಯಲ್ಲಿ ನೀರು ಕಾಯುತ್ತದೆ, ಒಲೆಯ ಮೇಲೆ ಮೆಂತ್ಯದ ಗಂಜಿ ಕುದಿಯುತ್ತದೆ. ಕೋಣೆಯ ಕಿಟಕಿಯನ್ನು ಅರ್ಧ ಮುಚ್ಚಿ, ಗದ್ದಲ ಮಾಡುವ ಮಕ್ಕಳನ್ನು ಅಂಗಳಕ್ಕೆ ಅಟ್ಟಿ, ತಾಯಿ ಮಗುವನ್ನು ಒಂದೇ ಕೋಣೆಯ ಬೆಚ್ಚನೆಯಲ್ಲಿ ಇಡುತ್ತಾರೆ. ಹಿಂದೂಗಳಿರಲಿ, ಮುಸ್ಲಿಮರಿರಲಿ, ಕ್ರೈಸ್ತರಿರಲಿ, ಕರಾವಳಿಯ ಮನೆಗಳಲ್ಲಿ ಪಥ್ಯದ ಸಾಮಾನು ಬದಲಾದೀತು. ಆರೈಕೆಯ ಈ ಕ್ರಮ ಹೆಚ್ಚು ಬದಲಾಗದು.

ಹೆರಿಗೆ ವಾರ್ಡಿನಲ್ಲಿ ಬಹುಕಾಲ ದುಡಿದ ನಾವು ದಾದಿಯರು ಈ ಮರ್ಯಾದೆಯನ್ನು ದಿನನಿತ್ಯ ಕಂಡವರು. ಅದು ಸಿಗದೆ ಹೋದ ಒಬ್ಬ ಬಾಣಂತಿಯನ್ನೂ ಆಗಾಗ ಕಂಡವರು. ಅವಳು ಅಮಲಿನ ವಸ್ತುವಿಗೆ ಒಗ್ಗಿಹೋದವಳು. ಅವಳ ವಿಷಯ ತಿಳಿದ ಗಳಿಗೆಯಲ್ಲಿ ಅವಳು ತಾಯಿಯೂ ಅಲ್ಲ, ರೋಗಿಯೂ ಅಲ್ಲ ಎಂಬಂತಾಗುತ್ತದೆ. 'ಇಂಥವಳು ಯಾಕೆ ಹೆರಬೇಕಿತ್ತು?' ಎಂಬ ಮಾತು ವಾರ್ಡಿನ ಬಾಗಿಲಿನಿಂದಲೇ ಕೇಳಿಬರುತ್ತದೆ. ಮಗುವನ್ನು ಅವಳಿಂದ ದೂರ ಇಡುವುದೇ ಮಗುವಿಗೆ ಮಾಡುವ ಉಪಕಾರ ಎಂದು ಮನೆಯವರು ನಂಬುತ್ತಾರೆ. ಇದು ನಿಜವೇ? ಈ ಪ್ರಶ್ನೆಗೆ ನಮ್ಮ ಅನುಭವವೂ ವೈದ್ಯಶಾಸ್ತ್ರವೂ ಕೊಡುವ ಉತ್ತರವನ್ನು ಓದುಗರ ಮುಂದಿಡಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ಅಮಲು ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಗಂಡಸಿನ ಚಿತ್ರ. ಶರಾಬಿನ ಅಂಗಡಿಯ ಮುಂದೆ ಬಿದ್ದವನು, ಇಲ್ಲವೇ ಪೊಲೀಸರ ಕೈಗೆ ಸಿಕ್ಕ ಕಾಲೇಜು ಹುಡುಗ. ಅಂಕಿ ಅಂಶಗಳೂ ಸ್ವಲ್ಪ ಹಾಗೆಯೇ ಹೇಳುತ್ತವೆ. ದೆಹಲಿಯ ಏಮ್ಸ್ ಸಂಸ್ಥೆಯ ಮೂಲಕ ಕೇಂದ್ರ ಸರಕಾರ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಆದರೆ ಹೆಂಗಸಿನ ಅಮಲು ಬೀದಿಯಲ್ಲಿ ಕಾಣಸಿಗುವಂಥದ್ದಲ್ಲ. ಅದು ಅಡುಗೆಮನೆಯ ಡಬ್ಬಿಯ ಹಿಂದೆ, ಸೀರೆಯ ಮಡಿಕೆಯಲ್ಲಿ ಇರುತ್ತದೆ. ತಂಬಾಕನ್ನೇ ನೋಡಿ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವ ವಯಸ್ಕ ಹೆಂಗಸರು ಶೇ. 12.8. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನಾಗಲಿ, ಹಲ್ಲಿಗೆ ತಿಕ್ಕುವ ಪುಡಿಯನ್ನಾಗಲಿ ಯಾರೂ ಅಮಲೆಂದು ಕರೆಯುವುದಿಲ್ಲ. ಆದರೆ ಗರ್ಭಿಣಿಗೆ ಅದು ಕಡಿಮೆ ತೂಕದ ಮಗುವನ್ನೂ ಅಕಾಲ ಹೆರಿಗೆಯನ್ನೂ ತರಬಲ್ಲದು.

ಇದಕ್ಕಿಂತ ಹೆಚ್ಚು ಮರೆಯಲ್ಲಿರುವುದು ನೋವಿನ ಮಾತ್ರೆ. ಟ್ರಮಡಾಲ್‌ನಂಥ ಮಾತ್ರೆಗಳು ಅಫೀಮಿನ ಬಳಗಕ್ಕೆ ಸೇರಿದವು. ಟ್ರಮಡಾಲನ್ನು 2018ರ ಏಪ್ರಿಲ್‌ನಲ್ಲಿ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಗೆ ಸೇರಿಸಲಾಯಿತು. ಕಾಯ್ದೆ ಬಿಗಿಯಾದರೂ ಚೀಟಿಯಿಲ್ಲದೆ ಇಂಥ ಮಾತ್ರೆಯ ಸ್ಟ್ರಿಪ್ ಸಿಗುವ ಕಡೆಗಳು ಇದ್ದೇ ಇವೆ. ದುಡಿಯುವ ಹೆಂಗಸಿಗೆ ಬೆನ್ನುನೋವು ಇಲ್ಲದ ದಿನ ಯಾವುದು?

ನಮ್ಮ ವಾರ್ಡಿಗೆ ಬಂದಿದ್ದ ಒಬ್ಬಳ ಕಥೆಯನ್ನು ಇಲ್ಲಿ ಹೇಳುತ್ತೇವೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದ ಇಪ್ಪತ್ತಾರರ ಹೆಣ್ಣು. ಎರಡನೆಯ ಹೆರಿಗೆ. ತಾಯಿ ಕಾರ್ಡಿನಲ್ಲಿ ಎರಡೇ ತಪಾಸಣೆಯ ಗುರುತು, ಮುಂದಿನ ಪುಟಗಳೆಲ್ಲ ಖಾಲಿ. ರಾತ್ರಿ ನೋವು ಬಂದು ದಾಖಲಾದಳು, ಬೆಳಗಿನ ಜಾವ ಸಹಜ ಹೆರಿಗೆಯಾಯಿತು. ಹೆಣ್ಣು ಮಗು, 2 ಕಿಲೋ 300 ಗ್ರಾಂ. ಮೊದಲ ದಿನ ಎಲ್ಲವೂ ಸರಿಯಿತ್ತು. ಎರಡನೆಯ ದಿನ ಮಧ್ಯಾಹ್ನದಿಂದ ಮಗು ಕೀರಲು ದನಿಯಲ್ಲಿ ಅಳತೊಡಗಿತು. ಕೈಕಾಲು ನಡುಗುತ್ತಿತ್ತು. ಮೇಲಿಂದ ಮೇಲೆ ಸೀನು, ಆಕಳಿಕೆ. ಮೊಲೆ ಹಿಡಿಯಲು ತವಕಿಸುತ್ತಿತ್ತು, ಹಿಡಿದ ಕೂಡಲೇ ಬಿಟ್ಟು ಅಳುತ್ತಿತ್ತು. ಸಕ್ಕರೆಯ ಅಂಶ ಕಡಿಮೆಯಾಗಿದೆಯೇ, ಸೋಂಕಿದೆಯೇ ಎಂದು ಮಕ್ಕಳ ವೈದ್ಯರು ಪರೀಕ್ಷೆ ಬರೆದರು. ಎಲ್ಲವೂ ಸರಿಯಾಗಿಯೇ ಬಂತು.

ಸಂಜೆ ಹಾಸಿಗೆಯ ಬಳಿ ಹೋದ ನಮಗೆ ಕಂಡದ್ದು ತಾಯಿಯ ಮುಖ. ಅವಳೂ ಬೆವರುತ್ತಿದ್ದಳು, ಮೂಗು ಸೋರುತ್ತಿತ್ತು, ತೋಳಿನ ರೋಮ ನಿಂತಿತ್ತು. ಅವಳೂ ಮಗುವಿನ ಹಾಗೆಯೇ ಆಕಳಿಸುತ್ತಿದ್ದಳು. ಬಂದವರನ್ನೆಲ್ಲ ಹೊರಗೆ ಕಳಿಸಿ, ಪರದೆ ಎಳೆದು, ಪಕ್ಕದಲ್ಲಿ ಕೂತು ಕೇಳಿದೆವು: "ಚಳಿಯಾಗ್ತದಾ ಮಗಾ?"

"ಚಳಿ ಅಲ್ಲ ಸಿಸ್ಟರ್. ಮಾತ್ರೆ ಮುಗ್ದಿದೆ."

ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಮೊದಲ ಹೆರಿಗೆಯ ನಂತರ ಬೀಡಿಗೆ ಕೂತರೆ ಸೊಂಟ ಸೀಳುವಂಥ ನೋವು. ಯಾರೋ ತಂದುಕೊಟ್ಟ ಕ್ಯಾಪ್ಸೂಲಿನಿಂದ ನೋವು ಹೋಯಿತು, ಕೈ ಚುರುಕಾಯಿತು, ದಿನಕ್ಕೆ ಇನ್ನೂರು ಬೀಡಿ ಹೆಚ್ಚು ಕಟ್ಟಿದಳು. ಒಂದಿದ್ದದ್ದು ಎರಡಾಯಿತು, ಎರಡು ವರ್ಷದಲ್ಲಿ ಎಂಟಾಯಿತು. ಸ್ಟ್ರಿಪ್ಪನ್ನು ಬೀಡಿ ಎಲೆಯ ಕೆಳಗೆ ಇಡುತ್ತಿದ್ದಳು. ಬಸುರಿಯಾದಾಗ ಬಿಡಲು ನೋಡಿದಳು. ಎರಡನೆಯ ದಿನಕ್ಕೆ ಮೈಯೆಲ್ಲ ಮುರಿದು, ವಾಂತಿ ಭೇದಿಯಾಗಿ, ಹೊಟ್ಟೆ ಬಿಗಿಯತೊಡಗಿತು. ಮಗು ಹೋದೀತೆಂದು ಹೆದರಿ ಮತ್ತೆ ನುಂಗಿದಳು. ಎರಡನೆಯ ಸಲ ತಪಾಸಣೆಗೆ ಹೋದಲ್ಲಿ ಮಾತ್ರೆಯ ವಿಷಯ ಅರ್ಧ ಹೇಳುವಷ್ಟರಲ್ಲೇ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಬೈಗುಳ ಬಂತು. ಅಂದಿನಿಂದ ತಪಾಸಣೆ ನಿಂತಿತು. ಕೊನೆಗೆ ಅವಳು ಕೇಳಿದ್ದು ಇಷ್ಟೇ: "ಪೊಲೀಸಿಗೆ ಹೇಳ್ತೀರಾ ಸಿಸ್ಟರ್? ಮಗುವನ್ನು ತಗೊಂಡು ಹೋಗ್ತಾರಾ?"

ಅವಳು ಮಗುವಿನ ಮೇಲೆ ಮಮತೆ ಇಲ್ಲದೆ ಮಾತ್ರೆ ನುಂಗಿದವಳಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಗು ಉಳಿಯಲೆಂದು ಬಿಡಲು ನೋಡಿದಳು, ಮಗು ಉಳಿಯಲೆಂದೇ ಮತ್ತೆ ಹಿಡಿದಳು. ಅವಳ ಈ ಹೆದರಿಕೆಯಲ್ಲಿ ಅರ್ಥವಿದೆ. ಅಫೀಮಿನ ಬಳಗದ ವಸ್ತುಗಳಿಗೆ ಒಗ್ಗಿದ ಗರ್ಭಿಣಿ ಅದನ್ನು ಮನೆಯಲ್ಲಿ ಒಮ್ಮೆಲೇ ನಿಲ್ಲಿಸುವುದು ಸರಿಯಾದ ದಾರಿಯಲ್ಲ. ಹಾಗೆ ನಿಲ್ಲಿಸಿದವರಲ್ಲಿ ಬಹಳ ಮಂದಿ ಮತ್ತೆ ಅದಕ್ಕೇ ಮರಳುತ್ತಾರೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2014ರ ತನ್ನ ಮಾರ್ಗಸೂಚಿಯಲ್ಲಿ, ಇಂಥ ಗರ್ಭಿಣಿಯರಿಗೆ ಒಮ್ಮೆಲೇ ಬಿಡಿಸುವ ಬದಲು ಮೆಥಡೋನ್ ಅಥವಾ ಬುಪ್ರಿನಾರ್ಫಿನ್ ಎಂಬ ಬದಲಿ ಔಷಧಿಯನ್ನು ವೈದ್ಯರ ಉಸ್ತುವಾರಿಯಲ್ಲಿ ಮುಂದುವರಿಸಬೇಕೆಂದು ಹೇಳಿತು. 'ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ?' ಎಂದು ಕೇಳುವವರಿದ್ದಾರೆ. ಬದಲಿ ಔಷಧಿ ತಲೆಗೇರಿಸಲು ಕೊಡುವುದಲ್ಲ. ದಿನವಿಡೀ ಒಂದೇ ಮಟ್ಟದಲ್ಲಿ ನಿಂತು, ಏರಿಳಿತದ ಪೆಟ್ಟಿನಿಂದ ತಾಯಿಯನ್ನೂ ಹೊಟ್ಟೆಯ ಮಗುವನ್ನೂ ಕಾಯಲು ಕೊಡುವುದು. 2010ರಲ್ಲಿ ಪ್ರಕಟವಾದ, ಹಲವು ದೇಶಗಳ ಗರ್ಭಿಣಿಯರು ಪಾಲ್ಗೊಂಡ ಪ್ರಯೋಗವೊಂದರಲ್ಲಿ, ಬುಪ್ರಿನಾರ್ಫಿನ್ ಪಡೆದ ತಾಯಂದಿರ ಮಕ್ಕಳು ಸರಾಸರಿ 10 ದಿನ ಆಸ್ಪತ್ರೆಯಲ್ಲಿದ್ದರೆ, ಮೆಥಡೋನ್ ಪಡೆದವರ ಮಕ್ಕಳು 17.5 ದಿನ ಇದ್ದರು.

ಎಲ್ಲ ಅಮಲಿಗೂ ಒಂದೇ ಚಿಕಿತ್ಸೆಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಗಾಂಜಾ, ಎಂಡಿಎಂಎಯಂಥವಕ್ಕೆ ಬದಲಿ ಮಾತ್ರೆ ಇಲ್ಲ. ಅಲ್ಲಿ ಆಪ್ತಸಲಹೆ ಮತ್ತು ಒತ್ತಾಸೆಯೇ ಮುಖ್ಯ. ಮದ್ಯದ ವಿಷಯ ಬೇರೆ. ದಿನವೂ ಕುಡಿಯುವವಳು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆದ್ದರಿಂದ ಆಸ್ಪತ್ರೆಯಲ್ಲಿದ್ದೇ ಬಿಡಿಸಬೇಕು. ಅಂಗಡಿಯಲ್ಲಿ ಪರವಾನಗಿಯೊಡನೆ ಮಾರುವ ಈ ಮದ್ಯವೇ ಗರ್ಭದ ಮಗುವಿನ ಮೆದುಳಿಗೆ ಶಾಶ್ವತ ಹಾನಿ ಮಾಡುವ ವಸ್ತುಗಳಲ್ಲಿ ಮುಂದಿನ ಸಾಲಿನಲ್ಲಿದೆ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯರು ಆ ಹಾನಿಗೆ ಹೆಸರಿಟ್ಟು ವಿವರಿಸಿದರು. ಸಮಾಜ ಯಾವುದನ್ನು ಹೆಚ್ಚು ಹಳಿಯುತ್ತದೋ ಅದೇ ಮಗುವಿಗೆ ಹೆಚ್ಚು ಕೆಡುಕು ಎಂದೇನೂ ಇಲ್ಲ.

ತಾಯಿ ಸತ್ಯ ಹೇಳುವುದು ಎಷ್ಟು ಮುಖ್ಯ ಎಂಬುದನ್ನು ಹೆರಿಗೆ ಕೋಣೆಯವರಾಗಿ ನಾವು ಒತ್ತಿ ಹೇಳಬೇಕಾಗಿದೆ. ಬದಲಿ ಔಷಧಿಯಲ್ಲಿರುವ ಗರ್ಭಿಣಿಗೆ ಹೆರಿಗೆ ನೋವಿಗೆಂದು ಪೆಂಟಜೋಸಿನ್ ಚುಚ್ಚುಮದ್ದು ಕೊಟ್ಟರೆ ಅವಳಿಗೆ ಒಮ್ಮೆಲೇ ತಳಮಳ ಕೆರಳಬಹುದು. ಹುಟ್ಟಿದ ಮಗು ಉಸಿರಾಟದಲ್ಲಿ ಮಂದವಾಗಿದೆಯೆಂದು ಅಫೀಮಿನ ಪರಿಣಾಮ ಇಳಿಸುವ ನಲೋಕ್ಸೋನ್ ಕೊಟ್ಟರೆ ಆ ಮಗುವಿಗೆ ಫಿಟ್ಸ್ ಬರುವ ಅಪಾಯವಿದೆ. ಚುಚ್ಚಿಕೊಳ್ಳುವ ಅಭ್ಯಾಸವಿದ್ದವಳಾದರೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮೊದಲೇ ಆಗಬೇಕು. ಹೆಪಟೈಟಿಸ್ ಬಿ ಲಸಿಕೆಯಂತೂ ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಸಿಗಬೇಕು. ಇದಕ್ಕೆಲ್ಲ ತಾಯಿಯ ಒಂದು ಮಾತು ಬೇಕು. ಬೈದವರ ಮುಂದೆ ಯಾರು ಆ ಮಾತನ್ನು ಹೇಳುತ್ತಾರೆ?

ಇನ್ನು ಮಗುವಿನ ವಿಷಯ. 'ಅಮಲಿನ ಮಗು ಹುಟ್ಟಿದೆ' ಎಂದು ಹೇಳುವುದುಂಟು. ಅದು ತಪ್ಪು ಮಾತು. ಮಗು ವ್ಯಸನಿಯಲ್ಲ. ಹೊಕ್ಕುಳಬಳ್ಳಿಯ ಮೂಲಕ ಬರುತ್ತಿದ್ದ ವಸ್ತು ಬಳ್ಳಿ ಕತ್ತರಿಸಿದೊಡನೆ ನಿಂತಿತು, ಅದಕ್ಕೆ ಒಗ್ಗಿದ್ದ ಪುಟ್ಟ ದೇಹ ಕೆಲವು ದಿನ ಕಂಗೆಡುತ್ತದೆ, ಅಷ್ಟೆ. ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲಿ ಇದು ಆರಂಭವಾಗುತ್ತದೆ. ಸರಿಯಾಗಿ ನೋಡಿಕೊಂಡರೆ ಇಳಿಯುತ್ತದೆ.

ಹೇಗೆ ನೋಡಿಕೊಳ್ಳಬೇಕು? 1975ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಡಾ. ಲೊರೆಟ್ಟಾ ಫಿನೆಗನ್ ಒಂದು ಅಂಕಪಟ್ಟಿ ಮಾಡಿದರು. ಅಳು, ನಡುಕ, ಸೀನು, ಬೆವರು, ಭೇದಿ ಹೀಗೆ ಒಂದೊಂದು ಲಕ್ಷಣಕ್ಕೂ ಅಂಕ. ಮೂರು ನಾಲ್ಕು ಗಂಟೆಗೊಮ್ಮೆ ಎಣಿಸಿ, ಅಂಕ ಏರಿದರೆ ಮಗುವಿಗೆ ಹನಿ ಲೆಕ್ಕದಲ್ಲಿ ಮಾರ್ಫಿನ್. ಆವರೆಗೆ ಅಂದಾಜಿನ ಮೇಲೆ ನಡೆಯುತ್ತಿದ್ದ ಕೆಲಸಕ್ಕೆ ಅದು ಒಂದು ಅಳತೆ ಕೊಟ್ಟಿತು. ಆದರೆ ದಶಕಗಳು ಕಳೆದಂತೆ ಇಂಥ ಮಕ್ಕಳ ಜಾಗ ತಾಯಿಯ ಮಗ್ಗುಲಲ್ಲ, ತೀವ್ರ ನಿಗಾ ಘಟಕ ಎಂದಾಯಿತು. ಪ್ರಖರ ಬೆಳಕು, ಯಂತ್ರಗಳ ಕೂಗು, ಎಣಿಸಲೆಂದು ನಿದ್ದೆಯಿಂದ ಎಬ್ಬಿಸುವುದು. ತಳಮಳದ ಮಗುವಿಗೆ ಯಾವುದು ಬೇಡವೋ ಅದೆಲ್ಲವೂ ಅಲ್ಲಿ ಇತ್ತು.

ಕನೆಕ್ಟಿಕಟ್ ರಾಜ್ಯದ ಯೇಲ್ ಮಕ್ಕಳ ಆಸ್ಪತ್ರೆಯ ಡಾ. ಮ್ಯಾಥ್ಯೂ ಗ್ರಾಸ್‌ಮನ್ ಮತ್ತು ಸಂಗಡಿಗರು ಈ ಕ್ರಮವನ್ನೇ ತಿರುಗಿಸಿದರು. ಮಗುವನ್ನು ನಿಗಾ ಘಟಕದಿಂದ ತೆಗೆದು ತಾಯಿಯ ಕೋಣೆಗೆ ತಂದರು. ಬೆಳಕು ತಗ್ಗಿಸಿದರು, ಗದ್ದಲ ನಿಲ್ಲಿಸಿದರು, ಎತ್ತಿಕೊಳ್ಳಲು ತಾಯಿಗೆ ಹೇಳಿಕೊಟ್ಟರು. ಉದ್ದದ ಪಟ್ಟಿಯ ಬದಲು ಮೂರೇ ಪ್ರಶ್ನೆ: ಮಗು ಹಾಲು ಕುಡಿಯುತ್ತಿದೆಯೇ? ಒಂದು ಗಂಟೆಯಾದರೂ ನಿದ್ದೆ ಮಾಡುತ್ತಿದೆಯೇ? ಅತ್ತರೆ ಹತ್ತು ನಿಮಿಷದೊಳಗೆ ಸಮಾಧಾನವಾಗುತ್ತದೆಯೇ? 2017ರಲ್ಲಿ ಅವರು ಪ್ರಕಟಿಸಿದ ಲೆಕ್ಕ ನೋಡಿ. ಮಕ್ಕಳು ಆಸ್ಪತ್ರೆಯಲ್ಲಿರುವ ಸರಾಸರಿ ಅವಧಿ 22.4 ದಿನದಿಂದ 5.9 ದಿನಕ್ಕೆ ಇಳಿಯಿತು. ಮಾರ್ಫಿನ್ ಬೇಕಾದ ಮಕ್ಕಳು ಶೇ. 98ರಿಂದ ಶೇ. 14ಕ್ಕೆ ಇಳಿದರು. ಒಂದೇ ಆಸ್ಪತ್ರೆಯ ಅದೃಷ್ಟವಿರಬಹುದು ಎಂದವರಿಗೆ 2023ರಲ್ಲಿ ಉತ್ತರ ಬಂತು. ಅಮೆರಿಕದ 26 ಆಸ್ಪತ್ರೆಗಳಲ್ಲಿ 1305 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಈ ಹೊಸ ಕ್ರಮದ ಮಕ್ಕಳು ಸರಾಸರಿ 8.2 ದಿನಕ್ಕೆ ಮನೆಗೆ ಹೋಗಲು ಸಿದ್ಧರಾದರು, ಹಳೆಯ ಕ್ರಮದವರು 14.9 ದಿನಕ್ಕೆ.

ಈ ಲೇಖನಗಳ ಸಾರವನ್ನು ವೈದ್ಯರು ವಾರ್ಡಿನಲ್ಲಿ ನಮಗೆ ತಿಳಿಸಿದಾಗ ನಮ್ಮಲ್ಲಿ ಹಿರಿಯಳಾದ ಒಬ್ಬ ಸಿಸ್ಟರ್ ನಕ್ಕು, "ಇದಕ್ಕೆ ನಮ್ಮ ಅಜ್ಜಿ ಬಾಣಂತಿ ಕೋಣೆ ಅಂತಿದ್ರು" ಎಂದರು. ನಗೆಯ ಮಾತಾದರೂ ಅದರಲ್ಲಿ ಹುರುಳಿದೆ. ಮಂದ ಬೆಳಕು, ಮೌನ, ಬಟ್ಟೆಯಲ್ಲಿ ಸುತ್ತಿ ಎತ್ತಿಕೊಳ್ಳುವ ಕೈಗಳು, ಕೇಳಿದಾಗಲೆಲ್ಲ ಎದೆಹಾಲು, ತಾಯಿಯ ಮೈಯ ಬಿಸಿ. ದೊಡ್ಡ ದೊಡ್ಡ ಆಸ್ಪತ್ರೆಗಳು ಲೆಕ್ಕ ಹಾಕಿ ಕಂಡುಕೊಂಡ ಚಿಕಿತ್ಸೆಯ ಬಹುಪಾಲು ನಮ್ಮ ಮನೆಗಳಲ್ಲಿ ಮೊದಲೇ ಇದೆ. ಯಾರಿಗೆ ಅದು ಎಲ್ಲಕ್ಕಿಂತ ಹೆಚ್ಚು ಬೇಕೋ ಅವಳಿಗೆ ಮಾತ್ರ ಅದನ್ನು ನಿರಾಕರಿಸುತ್ತೇವೆ.

ಬೀಡಿ ಕಟ್ಟುವ ಆ ತಾಯಿಗೂ ನಮ್ಮಲ್ಲಿ ನಡೆದ ಚಿಕಿತ್ಸೆ ಇದೇ. ಮನೋವೈದ್ಯರು ಬಂದು ನೋಡಿ ಅವಳಿಗೆ ಬುಪ್ರಿನಾರ್ಫಿನ್ ಆರಂಭಿಸಿದರು. ಅವಳ ಒಪ್ಪಿಗೆ ಪಡೆದ ಮೇಲೆ ವೈದ್ಯರೇ ಅತ್ತೆಯನ್ನು ಕೂರಿಸಿ ವಿಷಯ ತಿಳಿಸಿದರು. ಅತ್ತೆ ಮೊದಲು ಸಿಡಿದರು. "ಮಗು ನಮಗಿರಲಿ, ಇವಳನ್ನು ತವರಿಗೆ ಕಳಿಸಿ" ಎಂದರು. ಮಗು ಅಳುತ್ತಿತ್ತು. "ಅಮ್ಮಾ, ನಿಮ್ಮ ಮನೆಯಲ್ಲಿ ಬಾಣಂತಿ ಕೋಣೆಯಲ್ಲಿ ಮಗುವನ್ನು ಹೇಗೆ ಇಡ್ತೀರಿ?" ಎಂದು ಕೇಳಿದೆವು. ಹೇಳಿದರು. "ಅದನ್ನೇ ಇಲ್ಲಿ ಮಾಡಬೇಕು. ಆ ಔಷಧಿ ನಮ್ಮ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ" ಎಂದೆವು. ಮೂಲೆಯ ಹಾಸಿಗೆಗೆ ಸ್ಥಳ ಬದಲಿಸಿ ದೀಪ ಆರಿಸಿದೆವು. ಆ ರಾತ್ರಿ ತಾಯಿಯ ಎದೆಯ ಮೇಲೆ ಒಂದು ಹೊತ್ತು, ಅಜ್ಜಿಯ ತೊಡೆಯ ಮೇಲೆ ಒಂದು ಹೊತ್ತು ಮಗು ಕಳೆಯಿತು. ವೈದ್ಯರು ದಿನಕ್ಕೆ ಹಲವು ಬಾರಿ ನೋಡಿದರು, ಮಾರ್ಫಿನ್ ಬೇಕಾಗಲಿಲ್ಲ. ಒಂಬತ್ತನೆಯ ದಿನ ತೂಕ ಏರತೊಡಗಿದ ಮೇಲೆ ಮೂವರೂ ಮನೆಗೆ ಹೋದರು. ಎಲ್ಲ ಮಕ್ಕಳೂ ಹೀಗೆ ಔಷಧಿಯಿಲ್ಲದೆ ಸುಧಾರಿಸುವುದಿಲ್ಲ. ಕೆಲವಕ್ಕೆ ಮಾರ್ಫಿನ್ ಬೇಕೇ ಬೇಕು, ಕೆಲವಕ್ಕೆ ನಿಗಾ ಘಟಕವೂ ಬೇಕು. ತಾಯಿ ಮಂಪರಿನಲ್ಲಿದ್ದರೆ ಮಗುವನ್ನು ಅವಳ ಹಾಸಿಗೆಯಲ್ಲಿ ಮಲಗಿಸಬಾರದು. ಹೊಸ್ತಿಲು ಎಲ್ಲಿದೆಯೆಂದು ಹೇಳುವುದು ವೈದ್ಯರ ಕೆಲಸ. ಆದರೆ ತಾಯಿಯನ್ನು ಅಗಲಿಸುವುದರಿಂದಲೇ ಆರಂಭಿಸಬಾರದು.

ಅಗಲಿಸುವುದರಿಂದ, ಶಿಕ್ಷಿಸುವುದರಿಂದ ಆರಂಭಿಸಿದವರ ಅನುಭವವೂ ನಮ್ಮ ಮುಂದಿದೆ. ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ 1989ರಿಂದ ಸರಕಾರಿ ಆಸ್ಪತ್ರೆಯೊಂದು ಗರ್ಭಿಣಿಯರ ಮೂತ್ರವನ್ನು ಕೊಕೇನ್‌ಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಪೊಲೀಸರಿಗೆ ಕೊಡುತ್ತಿತ್ತು. ಹೆತ್ತ ಕೆಲವೇ ಹೊತ್ತಿನಲ್ಲಿ ಬಂಧನಕ್ಕೊಳಗಾದವರೂ ಇದ್ದರು. ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪಿತ್ತಿತು. ಆ ನಂತರವೂ ಟೆನೆಸಿ ರಾಜ್ಯ 2014ರಲ್ಲಿ ಇಂಥ ತಾಯಂದಿರನ್ನು ಅಪರಾಧಿಗಳೆನ್ನುವ ಕಾನೂನು ತಂದಿತು. ಹೆಂಗಸರು ಹೆದರಿ ತಪಾಸಣೆಯಿಂದ ದೂರ ಸರಿಯುತ್ತಾರೆಂಬ ಟೀಕೆಯ ನಡುವೆ 2016ರಲ್ಲಿ ಆ ಕಾನೂನು ಮುಂದುವರಿಯದೆ ಮುಗಿದುಹೋಯಿತು.

ಕೊಕೇನ್ ತಾಯಂದಿರ ಮಕ್ಕಳೆಲ್ಲ ಬುದ್ಧಿಮಾಂದ್ಯರಾಗುತ್ತಾರೆಂದು ಅಂದಿನ ಪತ್ರಿಕೆಗಳು ಬರೆದವು. ಅದೇ ಕಾಲದಲ್ಲಿ ಫಿಲಡೆಲ್ಫಿಯಾದ ಡಾ. ಹಾಲಮ್ ಹರ್ಟ್ ಅಂಥ ಮಕ್ಕಳನ್ನೂ ಅದೇ ಬಡ ಬೀದಿಗಳ ಇತರ ಮಕ್ಕಳನ್ನೂ ಜೊತೆಗಿಟ್ಟು ಎರಡು ದಶಕಗಳಿಗೂ ಹೆಚ್ಚು ಕಾಲ ಗಮನಿಸಿದರು. ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪನ್ನು ಹಿಂದಕ್ಕೆ ಎಳೆದದ್ದು ಬಡತನ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಡಾ. ಮೇರಿ ಹೆಪ್ಬರ್ನ್ 1990ರಲ್ಲಿ ಇಂಥ ಹೆಂಗಸರಿಗೆಂದೇ ಹೆರಿಗೆ ಸೇವೆಯೊಂದನ್ನು ಕಟ್ಟಿದರು. ಕೆನಡಾದ ವ್ಯಾಂಕೂವರ್ ನಗರದ ಅತ್ಯಂತ ಬಡ ಬಡಾವಣೆಯಲ್ಲಿ 1993ರಲ್ಲಿ 'ಶೀವೇ' ಎಂಬ ಕೇಂದ್ರ ಆರಂಭವಾಯಿತು. ಅಲ್ಲಿಗೆ ಬಂದವಳಿಗೆ ಬಿಸಿ ಊಟ ಸಿಗುತ್ತದೆ, ವೈದ್ಯರೂ ದಾದಿಯರೂ ಸಮಾಜ ಕಾರ್ಯಕರ್ತರೂ ಒಂದೇ ಸೂರಿನಡಿ ಸಿಗುತ್ತಾರೆ. 2003ರಲ್ಲಿ ಅದೇ ನಗರದ ಮಹಿಳಾ ಆಸ್ಪತ್ರೆಯಲ್ಲಿ ತಾಯಿ ಮಗು ಒಟ್ಟಿಗಿದ್ದು ಚಿಕಿತ್ಸೆ ಪಡೆಯುವ 'ಫರ್ ಸ್ಕ್ವೇರ್' ಘಟಕ ತೆರೆಯಿತು. ಇಂಥ ಕಡೆಗಳಲ್ಲಿ ಹೆಂಗಸು ಮೊದಲು ಹಸಿವಿಗಾಗಿ ಬರುತ್ತಾಳೆ, ನಂಬಿಕೆ ಹುಟ್ಟಿದ ಮೇಲೆ ಚಿಕಿತ್ಸೆಗಾಗಿ ಉಳಿಯುತ್ತಾಳೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಮ್ಮ ಮನಸ್ಸುಗಳಿಗಿಂತ ಮುಂದಿದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಅದರ 21ನೆಯ ಸೆಕ್ಷನ್, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎನ್ನುತ್ತದೆ. ಮಗುವಿಗೆ ಅಪಾಯವಿದೆಯೆಂದು ಮನೋವೈದ್ಯರಿಗೆ ಅನಿಸಿದರೆ ತಾತ್ಕಾಲಿಕವಾಗಿ ಬೇರೆ ಇಡಬಹುದು. ಆಗಲೂ ಉಸ್ತುವಾರಿಯಲ್ಲಿ ತಾಯಿಗೆ ಮಗುವನ್ನು ತೋರಿಸಬೇಕು, 15 ದಿನಕ್ಕೊಮ್ಮೆ ಆ ನಿರ್ಧಾರವನ್ನು ಮರುಪರಿಶೀಲಿಸಬೇಕು. ಹಾಗೆಯೇ 1985ರ ಮಾದಕ ದ್ರವ್ಯ ಕಾಯ್ದೆಯ 64ಎ ಸೆಕ್ಷನ್, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 'ಪೊಲೀಸಿಗೆ ಹೇಳ್ತೀರಾ?' ಎಂದು ಕೇಳಿದ ಆ ತಾಯಿಗೆ ಈ ಎರಡು ಮಾತುಗಳನ್ನು ಹೇಳಲು ಯಾರೂ ಸಿಕ್ಕಿರಲಿಲ್ಲ.

ಕಾನೂನಿನಲ್ಲಿರುವುದು ಕಟ್ಟಡದಲ್ಲಿ ಇರಬೇಕಲ್ಲ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಮಗುವಿನ ಮನೋವೈದ್ಯಕೀಯ ಘಟಕ ಆರಂಭವಾಯಿತು. ಹೆರಿಗೆಯ ನಂತರ ಮನಸ್ಸು ಕದಡಿದ ತಾಯಂದಿರು ಮಗುವಿನೊಡನೆ ಅಲ್ಲಿ ದಾಖಲಾಗಬಹುದು. ತಾಯಿ ಮಗುವನ್ನು ಒಟ್ಟಿಗಿಟ್ಟು ಚಿಕಿತ್ಸೆ ಮಾಡುವುದು ನಮ್ಮಲ್ಲೂ ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಆದರೆ ನಮ್ಮ ಜಿಲ್ಲೆಗಳ ವ್ಯಸನಮುಕ್ತಿ ಕೇಂದ್ರಗಳಿಗೆ ಹೋಗಿ ನೋಡಿ. ಹಾಸಿಗೆಗಳು ಬಹುಪಾಲು ಗಂಡಸರಿಗೆ. ಬಸುರಿ ಹೆಂಗಸು ಬಂದರೆ 'ಹೆರಿಗೆ ಮುಗಿಸಿ ಬಾ' ಎನ್ನುತ್ತಾರೆ; ಹೆರಿಗೆ ಆಸ್ಪತ್ರೆಯಲ್ಲಿ 'ಮೊದಲು ಅದನ್ನು ಬಿಟ್ಟು ಬಾ' ಎನ್ನುತ್ತಾರೆ. ಈ ಎರಡು ಬಾಗಿಲುಗಳ ನಡುವೆ ಒಂಬತ್ತು ತಿಂಗಳು ಕಳೆದುಹೋಗುತ್ತದೆ. ಹೊಸ ಆಸ್ಪತ್ರೆ ಕಟ್ಟುವವರೆಗೆ ಕಾಯಬೇಕಾಗಿಲ್ಲ. ಜಿಲ್ಲಾಸ್ಪತ್ರೆಯ ಪ್ರಸೂತಿ ವೈದ್ಯರು, ಮಕ್ಕಳ ವೈದ್ಯರು, ಮನೋವೈದ್ಯರು ಒಂದೇ ಕೇಸ್ ಶೀಟಿನ ಸುತ್ತ ಕೂತರೆ ಅರ್ಧ ಕೆಲಸ ಆಗುತ್ತದೆ.

ಧರ್ಮ ಅಮಲನ್ನು ನಿಷೇಧಿಸಿದ ಮನೆಗಳ ಬಗ್ಗೆಯೂ ಒಂದು ಮಾತು. ನಿಷೇಧ ಅನೇಕರನ್ನು ಕಾಪಾಡಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅಂಥ ಮನೆಯಲ್ಲಿ ಹೆಂಗಸೊಬ್ಬಳು ಸಿಕ್ಕಿಬಿದ್ದಾಗ ಅವಳ ನಾಚಿಕೆ ಎರಡು ಪಟ್ಟಾಗುತ್ತದೆ, ಬಾಯಿ ಎರಡು ಪಟ್ಟು ಬಿಗಿಯುತ್ತದೆ. ಮಸೀದಿಯ ಪ್ರವಚನದಲ್ಲೂ ದೇವಸ್ಥಾನದ ಸಭೆಯಲ್ಲೂ ಅಮಲಿನ ಕೆಡುಕನ್ನು ಹೇಳುವವರು ಇನ್ನೊಂದು ವಾಕ್ಯವನ್ನು ಸೇರಿಸಿದರೆ ಸಾಕು: ಸಿಕ್ಕಿಕೊಂಡವರಿಗೆ ಚಿಕಿತ್ಸೆ ಇದೆ, ಹೋಗಿ, ನಾವು ಜೊತೆಗಿದ್ದೇವೆ ಎಂದು. ಆ ವಾಕ್ಯ ಕೇಳಲು ಪರದೆಯ ಆಚೆ ಯಾರು ಕೂತಿದ್ದಾರೆಂದು ಹೇಳುವವರಿಗೆ ಗೊತ್ತಿರುವುದಿಲ್ಲ.

ಕೊನೆಯದಾಗಿ, ನಲವತ್ತು ದಿನದ ಆಚೆಗಿನ ಮಾತು. ಬಾಣಂತನ ಮುಗಿದು ಬಂಧುಗಳು ಚದುರಿದ ಮೇಲೆ ಈ ತಾಯಿಗೆ ನಿಜವಾದ ಕಷ್ಟ ಶುರುವಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಹೆಂಗಸರಿಗೆ ಮಿತಿಮೀರಿದ ಸೇವನೆಯ ಅಪಾಯ ಗರ್ಭದ ಕೊನೆಯ ತಿಂಗಳುಗಳಲ್ಲಿ ಅತಿ ಕಡಿಮೆ, ಹೆರಿಗೆಯಾದ 7ರಿಂದ 12ನೆಯ ತಿಂಗಳಲ್ಲಿ ಅತಿ ಹೆಚ್ಚು ಎಂದು ಕಂಡುಬಂತು. ಬಸುರಿಯಾಗಿದ್ದಾಗ ಮಗುವಿಗಾಗಿ ಎಲ್ಲರೂ ಅವಳನ್ನು ಕಾಯುತ್ತಾರೆ, ಮಗು ಕೈಗೆ ಬಂದ ಮೇಲೆ ಅವಳನ್ನು ಕಾಯುವವರಿಲ್ಲ. ನಿದ್ದೆಯಿಲ್ಲದ ರಾತ್ರಿ, ಮರಳಿ ಬಂದ ಬೆನ್ನುನೋವು, ಮನೆಯವರ ಚುಚ್ಚುಮಾತು. ಬೀಡಿಯ ಕೆಲಸವೂ ಕಾದಿರುತ್ತದೆ. ಆದ್ದರಿಂದ ಮಗುವಿನ ಲಸಿಕೆಯ ದಿನ ತಾಯಿಯ ಔಷಧಿಯನ್ನೂ ವಿಚಾರಿಸಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮಗುವಿನ ತೂಕದ ಜೊತೆ 'ನೀನು ಹೇಗಿದ್ದೀ?' ಎಂದೂ ಕೇಳಬೇಕು. ಅದು ಕನಿಷ್ಠ ಒಂದು ವರ್ಷ ನಡೆಯಬೇಕು.

ಓದುಗರ ಮನೆಯಲ್ಲೋ ನೆರೆಯಲ್ಲೋ ಇಂಥ ಗರ್ಭಿಣಿ ಇದ್ದರೆ ಮಾಡಬೇಕಾದ್ದು ಹೆಚ್ಚಿಲ್ಲ. ಬಲವಂತವಾಗಿ ಮಾತ್ರೆ ಕಿತ್ತುಕೊಂಡು ಕೋಣೆಯಲ್ಲಿ ಕೂಡಿಹಾಕಬೇಡಿ. ಅವಳ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಿ, ಒಳಗೆ ಅವಳೊಬ್ಬಳೇ ವೈದ್ಯರೊಡನೆ ಮಾತಾಡಲು ಬಿಡಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಇವೆ; ಕರೆಗೆ ಹಣವಿಲ್ಲ. ಹೆರಿಗೆಯಾದ ಮೇಲೆ ಹಂಡೆಯಲ್ಲಿ ಅವಳಿಗೂ ನೀರು ಕಾಯಿಸಿ, ಗಂಜಿ ಇಡಿ, ಮಗುವನ್ನು ಅವಳ ಕೈಯಲ್ಲೇ ಕೊಡಿ. ಉಳಿದದ್ದನ್ನು ವೈದ್ಯರೂ ನಾವೂ ನೋಡಿಕೊಳ್ಳುತ್ತೇವೆ.